ಹಣಬಲ, ಜನಬಲ ಮತ್ತು ನಲ್ಲೂರಿನ ಒಂದು ಗೇಟು

ನಾಲ್ಕು ತಾಲ್ಲೂಕುಗಳ ವಕೀಲರು ಸೇರಿ ಹೊನ್ನಾಳಿಯಲ್ಲಿ ಒಂದು ದಿನದ ಸಮ್ಮೇಳನ ಮಾಡುತ್ತಾರೆ, ಗೋಷ್ಠಿ ನಡೆಸಿಕೊಡುವ ಮನಸ್ಸಿರುವವರು ಒಂದು ಪುಟದ ಪ್ರಸ್ತಾವನೆ ಬರೆದು ಕಳಿಸಬೇಕು ಎಂಬ ಸುದ್ದಿ ನಮ್ಮ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಚನ್ನಗಿರಿಯ ನನ್ನ ಆಫೀಸಿನಲ್ಲಿ ಬುತ್ತಿ ಬಿಚ್ಚುತ್ತಿದ್ದೆ. ಸಮ್ಮೇಳನದ ವಿಷಯ ‘ಕಾನೂನು ಏಕೆ ಮುಖ್ಯ’ ಎಂದಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಕಡೆಯಿಂದಲೂ ಕೈ ಮುಗಿಯುವ ಚಿತ್ರಗಳು, ಹೂಗುಚ್ಛಗಳು ಸಾಲುಗಟ್ಟಿ ಬಂದವು. ಪ್ರಸ್ತಾವನೆಯ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಊಟ ಮುಗಿಯುವುದರೊಳಗೆ ನಾನು ‘ಕಳಿಸುತ್ತೇನೆ’ ಎಂದು ಬರೆದುಬಿಟ್ಟೆ.

ನನಗೆ ಕೆದಕುವ ಚಟ. ಸಂತೇಬೆನ್ನೂರಿನ ಸಂತೆಯಲ್ಲಿ ಅಪ್ಪ ಬಟ್ಟೆ ಹರಡಿಕೊಂಡು ಕೂರುತ್ತಿದ್ದ ಕಾಲದಿಂದಲೂ ಅದು ಅಂಟಿಕೊಂಡಿದೆ. ಗಿರಾಕಿ ಸೀರೆಯ ಬೆಲೆ ಕೇಳಿದರೆ ನಾನು ಮದುವೆ ಯಾರದು, ಹುಡುಗ ಯಾವ ಊರು ಎಂದು ಶುರುಮಾಡುತ್ತಿದ್ದೆ. “ವ್ಯಾಪಾರ ಮಾಡೇ ಅಂದ್ರೆ ಪಂಚಾಯ್ತಿ ಮಾಡಾಕೆ ಕೂತಳಲ್ಲ” ಎಂದು ಅಪ್ಪ ಗದರುತ್ತಿದ್ದರು. ಕೊನೆಗೆ ಪಂಚಾಯ್ತಿಯನ್ನೇ ಹೊಟ್ಟೆಪಾಡು ಮಾಡಿಕೊಂಡೆ. ಇಷ್ಟು ವರ್ಷ ವಕೀಲಿಕೆ ಮಾಡಿದ ಮೇಲೂ ನನ್ನನ್ನು ಕಾಡುತ್ತಿದ್ದದ್ದು ನಾವು ಅಫಿಡವಿಟ್ಟುಗಳ ಕೊನೆಯಲ್ಲಿ ಬರೆಯುವ ಒಂದು ಸಾಲು: ‘ಮೇಲ್ಕಂಡ ವಿವರಗಳನ್ನು ನನಗೆ ಓದಿ ಹೇಳಲಾಗಿ, ಸರಿಯಿದೆ ಎಂದು ಒಪ್ಪಿ ಸಹಿ ಮಾಡಿರುತ್ತೇನೆ.’ ಓದಿ ಹೇಳುವವರು ಯಾರು? ಕಕ್ಷಿದಾರರಿಗೆ ಬಸ್ಸಿನ ಅವಸರ, ನಮಗೆ ಕೋರ್ಟಿನ ಅವಸರ. ಇಲ್ಲಿ ಹಾಕಿ, ಇಲ್ಲಿ ಹಾಕಿ ಎಂದು ಬೆರಳು ತೋರಿಸುತ್ತೇವೆ, ಅವರು ಹಾಕುತ್ತಾರೆ.

ಗೋಷ್ಠಿಗೆ ಇದೇ ವಿಷಯ ಎಂದು ತೀರ್ಮಾನಿಸಿದೆ. ನಾವು ಬರೆದದ್ದನ್ನು ಯಾರಿಗಾಗಿ ಬರೆದಿದ್ದೇವೋ ಅವರಿಗೇ ಗಟ್ಟಿಯಾಗಿ ಓದಿ ಹೇಳಿದರೆ ಏನಾಗುತ್ತದೆ? ಬೇರೆಯವರಿಗೆ ಉಪದೇಶ ಮಾಡುವ ಮುಂಚೆ ನಾನೇ ಒಮ್ಮೆ ಮಾಡಿ ನೋಡೋಣ ಎನ್ನಿಸಿತು. ಆ ವಾರ ನನ್ನ ಮೇಜಿನ ಮೇಲಿದ್ದದ್ದು ನಲ್ಲೂರಿನ ಒಬ್ಬ ಹೆಣ್ಣುಮಗಳ ಲೀಗಲ್ ನೋಟಿಸು.

ಆಕೆ ರವಿಕೆ ಹೊಲಿದು ಬದುಕುವವರು. ಗಂಡ ತೀರಿಕೊಂಡಿದ್ದಾರೆ, ಒಬ್ಬಳೇ ಮಗಳು. ಬೀದಿಗೆ ಮುಖ ಮಾಡಿರುವ ಮನೆ ಗಂಡನ ಅಣ್ಣನದು, ಅದರ ಹಿಂದಿನದು ಇವರದು. ಅಣ್ಣನ ಮನೆಯ ಪಕ್ಕದ ಸಂದಿಯೇ ಇವರಿಗೆ ದಾರಿ. ಆ ಅಣ್ಣನಿಗೆ ಬಸ್ ನಿಲ್ದಾಣದ ಹತ್ತಿರ ವೆಲ್ಡಿಂಗ್ ಅಂಗಡಿ. ಒಂದು ದಿನ ತಾವೇ ಕೂತು ಒಂದು ಕಬ್ಬಿಣದ ಗೇಟು ಮಾಡಿ ತಂದು ಆ ಸಂದಿಗೆ ನಿಲ್ಲಿಸಿ, ತಮ್ಮ ಕಡೆಯಿಂದ ಚಿಲಕ ಹಾಕಿಬಿಟ್ಟಿದ್ದರು. ಇವರು ಹಿಂದಿನ ಚರಂಡಿ ದಾಟಿ, ಯಾರದೋ ಹಿತ್ತಿಲು ಬಳಸಿ ಹೊರಗೆ ಬರಬೇಕು. ಅಳತೆ ಕೊಡಲು ಬರುತ್ತಿದ್ದ ಹೆಂಗಸರು ಚರಂಡಿ ನೋಡಿ ವಾಪಸ್ ಹೋಗುತ್ತಿದ್ದರು. ಇಷ್ಟರಲ್ಲೇ ಮಗಳ ನಿಕಾಹ್ ಬೇರೆ ಇತ್ತು, ಹೊನ್ನಾಳಿ ಕಡೆಯ ಹುಡುಗ. “ಬೀಗರನ್ನ ಮೋರಿ ದಾಟಿಸಿ ಕರ್ಕಂಡು ಬರಾಕೆ ಆಗ್ತೈತೇನ್ರೀ ಮೇಡಂ?” ಎಂದು ಮೊದಲ ದಿನವೇ ಕೇಳಿದ್ದರು. ದಾರಿಯ ಬಗ್ಗೆ ಹಳೆಯ ಪಾಲುಪತ್ರದಲ್ಲಿ ಸ್ಪಷ್ಟವಾಗಿತ್ತು. ಹಕ್ಕಿನ ಮಟ್ಟಿಗೆ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

ವಿವರ ಬರೆದುಕೊಟ್ಟು ಕೋರ್ಟಿನ ಪಕ್ಕದ ಡಿಟಿಪಿ ಅಂಗಡಿಗೆ ಕಳಿಸಿದ್ದೆ. ಅಲ್ಲಿ ಹಳೆಯ ನೋಟಿಸೊಂದನ್ನು ತೆಗೆದು, ಹೆಸರು ಊರು ಬದಲಿಸಿ, ನಾನು ಬರೆದದ್ದನ್ನು ನಡುವೆ ತುರುಕಿ ಕೊಡುತ್ತಾರೆ. ಎಲ್ಲರೂ ಮಾಡಿಸುವುದು ಹೀಗೆಯೇ, ನಾನೂ ಇಷ್ಟು ವರ್ಷ ಮಾಡಿಸಿದ್ದು ಹೀಗೆಯೇ. ಆ ದಿನ ಆಕೆಯನ್ನು ಕೂರಿಸಿಕೊಂಡು, ಫ್ಯಾನು ಆರಿಸಿ, ಮೊದಲ ಸಾಲಿನಿಂದ ಓದಿದೆ. ‘ತಿಳಿಯಪಡಿಸುವುದೇನೆಂದರೆ’ ಎಂಬುದಕ್ಕೆಲ್ಲ ಆಕೆ ಗಂಭೀರವಾಗಿ ತಲೆ ಆಡಿಸಿದರು. ಸಂದಿ, ಗೇಟು, ಚಿಲಕ ಎಲ್ಲ ಸರಿಯಾಗಿದ್ದವು. ಆಮೇಲೆ ಓದಿದೆ: ‘ನೀವು ಹಣಬಲ, ಜನಬಲ ಹಾಗೂ ತೋಳ್ಬಲ ಉಳ್ಳವರಾಗಿದ್ದು, ಕಾಯ್ದೆ ಕಾನೂನಿಗೆ ಕಿಂಚಿತ್ತೂ ಬೆಲೆ ಕೊಡದೆ, ಗೂಂಡಾ ಪ್ರವೃತ್ತಿಯಿಂದ ನನ್ನ ಕಕ್ಷಿದಾರರನ್ನು ಹೆದರಿಸುತ್ತಿದ್ದೀರಿ.’

“ಇದು ಯಾರ ಬಗ್ಗೆ ಮೇಡಂ?” ಎಂದರು.

“ನಿಮ್ಮ ಭಾವನ ಬಗ್ಗೆ.”

ಆಕೆಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಅವರಿಗೆ ಮಂಡಿ ನೋವು. ಗ್ಯಾಸ್ ಸಿಲಿಂಡರ್ ಎತ್ತಾಕೆ ನನ್ನ ಮಗಳನ್ನ ಕರೀತಿದ್ರು.” ಆಮೇಲೆ ಕಾಗದದ ಕಡೆ ಬೆರಳು ತೋರಿಸಿದರು. “ಇದನ್ನ ಕಳಿಸ್ತೀರಾ? ಕಳಿಸಬ್ಯಾಡ್ರಿ. ಅವರು ಓದಿಸಿ ಕೇಳಿದ್ರೆ ನಿಕಾಹ್‌ಗೆ ಬರಾದಿಲ್ಲ.”

ಬರದಿದ್ದರೆ ಏನಾಯಿತು, ಗೇಟು ಹಾಕಿದವರು ತಾನೇ ಎಂದು ನಾನು ಅಂದೆ. ಆಕೆ ನನ್ನನ್ನು ನೋಡಿದ ರೀತಿಗೆ ನನ್ನ ಕರಿ ಕೋಟು ಬಿಚ್ಚಿಟ್ಟು ಕೂರಬೇಕು ಎನ್ನಿಸಿತು. ನಿಕಾಹ್‌ನಲ್ಲಿ ಹುಡುಗಿಯ ಕಡೆಯಿಂದ ಒಬ್ಬ ಹಿರಿಯರು ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹುಡುಗಿ ಕೂತ ಕೋಣೆಗೆ ಹೋಗಿ, ಇಂಥವನ ಜೊತೆ ನಿನಗೆ ಒಪ್ಪಿಗೆಯೇನಮ್ಮ ಎಂದು ಕೇಳಬೇಕು. ಅವಳ ಒಪ್ಪಿಗೆಯನ್ನು ಹೊರಗೆ ಬಂದು ಖಾಜಿಯವರಿಗೆ ಹೇಳಬೇಕು. ತಂದೆ ಇಲ್ಲದ ಹುಡುಗಿಗೆ ಆ ಜಾಗದಲ್ಲಿ ನಿಲ್ಲುವವರು ದೊಡ್ಡಪ್ಪ. “ಬೇರೆಯವರು ಕೇಳಿದ್ರೂ ನಿಕಾಹ್ ಆಗ್ತೈತೆ. ಆದ್ರೆ ನನ್ನ ಮಗಳು ಬಡೇ ಅಬ್ಬಾನೇ ಬರಬೇಕು ಅಂತಾಳೆ. ಅವರಪ್ಪ ಹೋದ ಮೇಲೆ ಸ್ಕೂಲಿಗೆ ಸೈಕಲ್ ಮೇಲೆ ಕೂರಿಸ್ಕಂಡು ಹೋಗಿದ್ದು ಅವರೇ.” ಅಂದರೆ ಆಕೆಗೆ ದಾರಿಯೂ ಬೇಕಿತ್ತು, ದಾರಿ ಮುಚ್ಚಿದ ಮನುಷ್ಯನೂ ಬೇಕಿತ್ತು. ಒಂದನ್ನು ಪಡೆಯಲು ಹೋಗಿ ಇನ್ನೊಂದನ್ನು ಕಳೆದುಕೊಳ್ಳುವಂಥ ಕಾಗದವನ್ನು ನಾನು ಕೈಯಲ್ಲಿ ಹಿಡಿದು ಕೂತಿದ್ದೆ. ಆ ಸಾಲಿನ ಮೇಲೆ ಪೆನ್ನಿನಿಂದ ಗೀಟು ಎಳೆದೆ. ಆಕೆ ಯೋಚನೆ ಮಾಡಿ ಬರುತ್ತೇನೆಂದು ಹೋದರು.

ಅಲ್ಲಿಗೆ ನನ್ನ ಚಟ ಕೆರಳಿತು. ಈ ಹಣಬಲ ಜನಬಲದ ಸಾಲನ್ನು ಮೊದಲು ಬರೆದ ಪುಣ್ಯಾತ್ಮ ಯಾರು? ಡಿಟಿಪಿ ಅಂಗಡಿಯವರನ್ನು ಕೇಳಿದೆ. “ನಾನು ಅಂಗಡಿ ತಗಂಡಾಗ ಕಂಪ್ಯೂಟರಿನಾಗೇ ಇತ್ತು ಮೇಡಂ. ತೆಗೆದ್ರೆ ಲಾಯರ್‌ಗಳು ಬೈತಾರೆ” ಎಂದರು. ಜಗಳೂರಿಗೆ ಒಂದು ಸಾಕ್ಷಿ ವಿಚಾರಣೆಗೆಂದು ಹೋಗಿದ್ದಾಗ, ಕೋರ್ಟಿನ ಹೊರಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದ ವಕೀಲರೊಬ್ಬರ ಕೈಯಲ್ಲಿದ್ದ ದಾವೆಯ ಪ್ರತಿ ಇಸಿದುಕೊಂಡು ನೋಡಿದೆ. ಮೂರನೇ ಪುಟದಲ್ಲಿ ಅದೇ ಸಾಲು, ಒಂದು ಅಲ್ಪವಿರಾಮವೂ ಆಚೀಚೆ ಇಲ್ಲ. ಯಾರ ವಿರುದ್ಧ ಎಂದು ಕೇಳಿದೆ. ಮನೆ ಪಾಠ ಹೇಳಿಕೊಂಡಿದ್ದ ನಿವೃತ್ತ ಮೇಷ್ಟರೊಬ್ಬರ ವಿರುದ್ಧ. “ಇದು ನಿಮ್ಮ ಚನ್ನಗಿರಿ ಕಡೆಯಿಂದ ಬಂದಿದ್ದಲ್ವೇನ್ರೀ?” ಎಂದು ಅವರೇ ನನ್ನ ಮೇಲೆ ಹಾಕಿದರು. ನ್ಯಾಮತಿಯಲ್ಲಿ ಮನೆ ಮಾಡಿಕೊಂಡು ಹೊನ್ನಾಳಿ ಕೋರ್ಟಿಗೆ ಓಡಾಡುವ ನನ್ನ ಹಳೆಯ ಸಹಪಾಠಿಗೆ ಫೋನು ಮಾಡಿದೆ. ನಾನು ‘ಹಣಬಲ’ ಅನ್ನುತ್ತಿದ್ದಂತೆ ಅವಳು ಪದ್ಯ ಒಪ್ಪಿಸುವ ಹಾಗೆ ಮಿಕ್ಕದ್ದನ್ನು ಉದುರಿಸಿದಳು. ಅವಳ ಗುರುಗಳು ಕಲಿಸಿದ್ದಂತೆ. ಗುರುಗಳಿಗೆ ಯಾರು ಕಲಿಸಿದರು ಎಂದರೆ, “ನಿಂಗೆ ಮಾಡಾಕೆ ಕೆಲಸ ಇಲ್ವೇನೇ” ಎಂದು ಫೋನು ಇಟ್ಟಳು.

ನಾಲ್ಕು ತಾಲ್ಲೂಕು ತಿರುಗಿದರೂ ಅದರ ಹುಟ್ಟಿದ ಊರು ಸಿಗಲಿಲ್ಲ. ಆದರೆ ಆ ಸಾಲು ಏನು ಕೆಲಸ ಮಾಡುತ್ತದೆ ಎಂಬುದು ನಿಧಾನವಾಗಿ ಹೊಳೆಯಿತು. ಅದಿದ್ದರೆ ನಾವು ಕಕ್ಷಿದಾರರನ್ನು ಮುಂದಿನ ಪ್ರಶ್ನೆ ಕೇಳುವುದೇ ಇಲ್ಲ. ಎದುರಿನವರು ಯಾಕೆ ಹಾಗೆ ಮಾಡಿದರು ಎಂಬುದಕ್ಕೆ ಉತ್ತರ ಮೊದಲೇ ಟೈಪಾಗಿ ಕೂತಿರುತ್ತದೆ: ಕೆಟ್ಟವರು, ಅದಕ್ಕೇ ಮಾಡಿದರು. ನಲ್ಲೂರಿನಾಕೆಯನ್ನು ಗೇಟು ಎಂದು ಹಾಕಿದರು, ಎಷ್ಟು ಅಗಲ, ಚಿಲಕ ಯಾವ ಕಡೆ ಎಂದೆಲ್ಲ ಕೇಳಿದ್ದೆ. ಯಾಕೆ ಹಾಕಿದರು ಎಂದು ಕೇಳಿರಲೇ ಇಲ್ಲ. ಕೆದಕುವ ಚಟದವಳೆಂದು ಹೇಳಿಕೊಳ್ಳುವ ನನಗೆ ನನ್ನ ಮೇಲೇ ಸಿಟ್ಟು ಬಂತು.

ಮತ್ತೆ ಬಂದಾಗ ಕೇಳಿದೆ. ಆಕೆ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತರು. “ಮಂಗ್ನಿ ಆದ ಮೇಲೆ ಹಾಕಿದ್ರು” ಎಂದರು.

“ನಿಶ್ಚಿತಾರ್ಥಕ್ಕೆ ಅವರನ್ನ ಕರೆದಿರಲಿಲ್ವಾ?”

“ಕರೆದ್ವಿ. ಅವರೇ ಮುಂದೆ ಕೂತಿದ್ರು.” ಆಮೇಲೆ ಕಾರಣ ಹೇಳಿದರು: “ಗಂಡು ನೋಡಾಕೆ ಹೋಗಿದ್ದು, ಮಾತುಕತೆ ಆಡಿದ್ದು ನಮ್ಮ ತವರಿನ ಅಣ್ಣ. ಎಲ್ಲ ಗಟ್ಟಿಯಾದ ಮೇಲೆ ಭಾವನಿಗೆ ಹೇಳಾಣ ಅಂದ್ಕಂಡಿದ್ದೆ. ಕೆಡದೆ ಇರಲಿ ಅಂತ. ಅಷ್ಟರಾಗೆ ಅವರ ಅಂಗಡಿಗೆ ಬಕೆಟ್ ರಿಪೇರಿಗೆ ಬಂದೋರು ಯಾರೋ, ಏನ್ ಸಾಬ್ರೆ, ಹೊನ್ನಾಳಿಗೆ ಕೊಡ್ತೀರಂತೆ ಹುಡುಗೀನ ಅಂತ ಕೇಳಿದ್ರಂತೆ.”

ಅಷ್ಟೇ. ಸೈಕಲ್ ಮೇಲೆ ಕೂರಿಸಿಕೊಂಡು ಓಡಾಡಿಸಿದ ಹುಡುಗಿಯ ಸಂಬಂಧದ ಸುದ್ದಿ ಆ ಮನುಷ್ಯನಿಗೆ ಬಕೆಟ್ಟಿನವರಿಂದ ತಿಳಿದಿತ್ತು. ಅವರು ಮಂಗ್ನಿಗೆ ಬಂದು, ಮರ್ಯಾದೆಗೆ ಮುಂದೆ ಕೂತು, ಊಟ ಮಾಡಿ, ಮನೆಗೆ ಹೋಗಿ ಗೇಟು ಮಾಡಿದರು. ಆದರೂ ಗೇಟು ಗೇಟೇ. ಬೇಜಾರಾಯಿತೆಂದು ಇನ್ನೊಬ್ಬರ ಬಾಗಿಲಿಗೆ ಚಿಲಕ ಹಾಕುವ ಹಕ್ಕು ಯಾರಿಗೂ ಬರುವುದಿಲ್ಲ. ಹೋಗಿ ಒಂದು ಮಾತು ಆಡಿ ಬನ್ನಿ ಎಂದೆ. ಹೋಗಿದ್ದರಂತೆ. ತಪ್ಪಾಯಿತು ಎಂದೂ ಹೇಳಿದ್ದರಂತೆ. “ತಲೆ ಎತ್ತಲಿಲ್ಲ ಮೇಡಂ. ಏನೋ ಉಜ್ಜುತಾ ಕೂತಿದ್ರು. ಚಾ ಕುಡೀತೀಯಾ ಅಂದ್ರು. ಕುಡಿದು ಬಂದೆ.” ಗೇಟಿನ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

“ಅವರು ಒಳ್ಳೇರು ಅಂತ ಬರೀರಿ” ಎಂದರು ಆಕೆ. “ಬರೆದು, ಗೇಟು ತೆಗೀರಿ ಅಂತಾನೂ ಬರೀರಿ.”

ಇಂಥ ನೋಟಿಸನ್ನು ನಾನು ಹುಟ್ಟಿದಾರಭ್ಯ ನೋಡಿರಲಿಲ್ಲ. ಅದೇ ಸಂಜೆ ಪಕ್ಕದ ಆಫೀಸಿನ ಹಿರಿಯ ವಕೀಲರಿಗೆ ಹೇಳಿದೆ. ಅವರು ಒಳ್ಳೆಯವರೇ, ಆದರೆ ಮಾತು ಕಾರ. “ಎದುರಾಳಿಗೆ ಸನ್ಮಾನಪತ್ರ ಬರೀತೀಯೇನಮ್ಮ? ನಾಳೆ ಕೋರ್ಟಿಗೆ ಹೋದ್ರೆ ಅವರ ವಕೀಲ ಇದನ್ನೇ ತೋರಿಸ್ತಾನೆ. ಇಷ್ಟು ಒಳ್ಳೇ ಮನುಷ್ಯನಿಂದ ತೊಂದರೆ ಹೆಂಗಾಗ್ತೈತೆ ಸ್ವಾಮಿ ಅಂತಾನೆ. ತಡೆಯಾಜ್ಞೆ ಸಿಗಾದಿಲ್ಲ, ಹುಡುಗಿ ಮೋರಿ ದಾಟೇ ಗಂಡನ ಮನೆಗೆ ಹೋಗ್ತಾಳೆ.” ಅವರು ಹೇಳಿದ್ದರಲ್ಲಿ ಹುಳುಕೇನೂ ಇರಲಿಲ್ಲ. ನಿಕಾಹ್ ಹತ್ತಿರ ಬರುತ್ತಿತ್ತು. ಮೆದುವಾಗಿ ಬರೆದರೆ ದಾರಿ ಹೋಗಬಹುದು, ಬಿರುಸಾಗಿ ಬರೆದರೆ ದೊಡ್ಡಪ್ಪ ಹೋಗುತ್ತಾರೆ. ಬರೆದು ಹೊಡೆದುಹಾಕಿ, ಬರೆದು ಹೊಡೆದುಹಾಕಿ ನಾನು ಇನ್ನೂ ಒಂದಷ್ಟು ದಿನ ತಿಂದೆ.

ಕೊನೆಗೆ ಡಿಟಿಪಿಯವರ ಹಳೆಯ ಕಡತ ಮುಟ್ಟದೆ, ಖಾಲಿ ಹಾಳೆಯಲ್ಲಿ ಕೈಬರಹದಲ್ಲೇ ಬರೆದೆ. ‘ನೀವು ನನ್ನ ಕಕ್ಷಿದಾರರ ಗಂಡನ ಅಣ್ಣ. ಗಂಡ ತೀರಿಕೊಂಡ ಮೇಲೆ ಅವರ ಮನೆಯನ್ನೂ ಮಗಳ ಓದನ್ನೂ ನೋಡಿಕೊಂಡವರು ನೀವು. ಅದನ್ನು ಅವರು ಮರೆತಿಲ್ಲ. ಅವರ ಮನೆಗಿರುವ ಒಂದೇ ದಾರಿಗೆ ಗೇಟು ಹಾಕಿ, ನಿಮ್ಮ ಕಡೆಯಿಂದ ಚಿಲಕ ಹಾಕಿದವರೂ ನೀವೇ. ಆ ದಾರಿಯಲ್ಲಿ ಓಡಾಡುವ ಹಕ್ಕು ಪಾಲುಪತ್ರದ ಪ್ರಕಾರ ಅವರಿಗಿದೆ. ಈ ನೋಟಿಸು ತಲುಪಿದ ವಾರದೊಳಗೆ ಗೇಟು ತೆರೆಯಿರಿ. ತೆರೆಯದಿದ್ದರೆ ಅವರು ಕೋರ್ಟಿಗೆ ಹೋಗಬೇಕಾಗುತ್ತದೆ, ಹೋಗುತ್ತಾರೆ.’ ಇಷ್ಟೇ. ಆಕೆಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಕೊನೆಯ ಸಾಲು ಸ್ವಲ್ಪ ಜೋರಾಯಿತಲ್ಲವಾ ಎಂದರು. ಅದು ಇರಲೇಬೇಕು, ಅದಿಲ್ಲದಿದ್ದರೆ ಇದು ಬರೀ ಕುಶಲ ವಿಚಾರಿಸಿದ ಕಾಗದವಾಗುತ್ತದೆ ಎಂದೆ. ಇರಲಿ ಬಿಡಿ ಎಂದು ಸಹಿ ಹಾಕಿದರು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ.

ನೋಟಿಸು ತಲುಪಿದ ಮರುದಿನವೇ ಗೇಟು ತೆರೆಯಿತು. ಬರೀ ತೆರೆದದ್ದಲ್ಲ, ಭಾವ ಗ್ಯಾಸ್ ಕಟರ್ ತಂದು, ಹಗಲು ಹೊತ್ತಿನಲ್ಲೇ, ಓಣಿಯ ಜನರೆಲ್ಲ ನೋಡುವ ಹಾಗೆ ಕೀಲು ಕತ್ತರಿಸಿ ಗೇಟನ್ನೇ ಎತ್ತಿಕೊಂಡು ಅಂಗಡಿಗೆ ಹೋದರಂತೆ. ಉತ್ತರ ಬರಲಿಲ್ಲ, ಇನ್ನೊಬ್ಬ ವಕೀಲರ ಫೋನೂ ಬರಲಿಲ್ಲ. ಆಕೆ ಫೋನಿನಲ್ಲಿ ಅಳುತ್ತ ನಗುತ್ತ ಹೇಳುತ್ತಿದ್ದರೆ ನನಗೆ ಖುಷಿಗಿಂತ ಗುಮಾನಿಯೇ ಹೆಚ್ಚಾಯಿತು. ಇಷ್ಟು ಸಲೀಸಾಗಿ ಯಾರೂ ನೋಟಿಸಿಗೆ ಬಗ್ಗುವುದಿಲ್ಲ. ಹೆದರಿದರಾ? ಮೊದಲ ಸಾಲುಗಳಿಗೆ ಕರಗಿದರಾ? ಅಥವಾ ಮನಸ್ಸಿನಲ್ಲಿ ಕಹಿ ಇಟ್ಟುಕೊಂಡು, ನಿಕಾಹ್ ದಿನ ಮಂಡಿ ನೋವೆಂದು ಮನೆಯಲ್ಲೇ ಉಳಿಯುತ್ತಾರಾ?

ಪ್ರಸ್ತಾವನೆಯ ಗಡುವು ಮುಗಿಯುತ್ತ ಬಂದಿತ್ತು. ಓದಿ ಹೇಳುವ ಕ್ರಮದ ಬಗ್ಗೆ, ಹಣಬಲ ಜನಬಲದ ಸಾಲಿನ ಬಗ್ಗೆ ಚೆನ್ನಾಗಿಯೇ ಬರೆದೆ. ‘ಕಾನೂನು ಏಕೆ ಮುಖ್ಯ’ ಎಂಬುದಕ್ಕೆ ಸಂಬಂಧಿಸಿ ಒಂದು ಪ್ಯಾರಾ ಕಡ್ಡಾಯವಾಗಿತ್ತು. ಅಲ್ಲಿಗೆ ಬಂದಾಗ ಪೆನ್ನು ನಿಂತಿತು. ಏನೋ ಗೀಚಿ ಕಳಿಸಿದೆ. ಎರಡು ದಿನ ಬಿಟ್ಟು ಆಯ್ಕೆ ಸಮಿತಿಯಲ್ಲಿದ್ದ ಹೊನ್ನಾಳಿಯ ಹಿರಿಯರೊಬ್ಬರು ಫೋನು ಮಾಡಿದರು.

“ವಿಷಯ ಚಲೋ ಐತಮ್ಮ. ಮಧ್ಯಾಹ್ನ ಊಟ ಆದ ಮೇಲಿನ ಗೋಷ್ಠಿ ಕೊಡ್ತೀವಿ, ಅರ್ಧ ಜನ ನಿದ್ದೆ ಮಾಡ್ತಿರ್ತಾರೆ, ಬೇಜಾರು ಮಾಡ್ಕಬ್ಯಾಡ. ಆದ್ರೆ ಈ ಪ್ಯಾರಾ ಏನಿದು? ‘ಸುಭದ್ರ ಸಮಾಜದ ನಿರ್ಮಾಣಕ್ಕೆ ಕಾನೂನೇ ಭದ್ರ ಬುನಾದಿ.’ ಇದೂ ನಿನ್ನ ಹಣಬಲ ಜನಬಲದ ಥರಾನೇ ಆಯ್ತಲ್ಲ. ಎಲ್ಲಿಂದ ಎತ್ತಿದೆ?”

ನನಗೆ ನಾಚಿಕೆಯಾಯಿತು, ನಗುವೂ ಬಂತು. ಎಲ್ಲಿಂದ ಎತ್ತಿದೆನೋ ನನಗೂ ಗೊತ್ತಿರಲಿಲ್ಲ. ಬೇರೆ ಬರೆದು ಕೊಡುತ್ತೇನೆ, ಒಂದು ವಾರ ಸಮಯ ಕೊಡಿ ಎಂದೆ. ಆ ವಾರದಲ್ಲೇ ನಲ್ಲೂರಿನ ನಿಕಾಹ್ ಇತ್ತು. ಕಕ್ಷಿದಾರರ ಮನೆಯ ಕಾರ್ಯಗಳಿಗೆ ಹೋಗುವ ಅಭ್ಯಾಸ ನನಗಿಲ್ಲ, ಆದರೆ ಈ ಸಲ ತಡೆಯಲಾಗಲಿಲ್ಲ.

ಸಂದಿಯಲ್ಲಿ ಶಾಮಿಯಾನ ಹಾಕಿದ್ದರು. ಗೋಡೆಯ ಮೇಲೆ ಕೀಲು ಕತ್ತರಿಸಿದ ಎರಡು ಕಪ್ಪು ಗುರುತು ಮಾತ್ರ ಉಳಿದಿದ್ದವು. ಹೆಂಗಸರ ಜೊತೆ ಹುಡುಗಿಯ ಕೋಣೆಯಲ್ಲಿ ಕೂತೆ. ನನ್ನ ಕಣ್ಣು ಬಾಗಿಲ ಮೇಲೇ ಇತ್ತು. ತೀರ್ಪಿನ ದಿನವೂ ಹೀಗೆ ಕಾದದ್ದಿಲ್ಲ. ಹೆಂಗಸರು ಸೆರಗು ಸರಿಮಾಡಿಕೊಂಡರು, ಬಾಗಿಲಲ್ಲಿ ಮೂವರು ಗಂಡಸರು ಕಾಣಿಸಿದರು. ಮುಂದೆ ಇದ್ದವರು ಬಿಳಿ ಜುಬ್ಬಾದ, ಕೃಶವಾದ, ಮಂಡಿಯ ಮೇಲೆ ಕೈಯೂರಿ ಹೊಸ್ತಿಲು ದಾಟಿದ ಮುದುಕರು. ಹುಡುಗಿಯ ತಾಯಿ ಗೋಡೆಗೆ ಒರಗಿಬಿಟ್ಟರು. ಅವರು ಹುಡುಗಿಯ ಮುಂದೆ ಕೂತು, ಹುಡುಗನ ಹೆಸರು, ಅವನ ತಂದೆಯ ಹೆಸರು, ಹುಡುಗಿಗೆ ಕೊಡುವ ಮೆಹರ್ ಎಲ್ಲ ಹೇಳಿ, ಒಪ್ಪಿಗೆಯೇನಮ್ಮ ಎಂದು ಉರ್ದುವಿನಲ್ಲಿ ಕೇಳಿದರು. ಹುಡುಗಿ ಹೂಂ ಅಂದಳು. ಎದ್ದು ಹೋಗುವಾಗ ಅವಳ ತಲೆಯ ಮೇಲೆ ಕೈ ಇಟ್ಟರು, ಆ ಕೈ ತುಂಬ ಕಿಡಿ ಸಿಡಿದ ಕಲೆಗಳಿದ್ದವು.

ಮಾಂಸ ತಿನ್ನದ ನನಗೆಂದು ಊಟಕ್ಕೆ ಬೇರೆ ಮನೆಯಲ್ಲಿ ಪಲಾವ್ ಮಾಡಿಸಿದ್ದರು. ಒಬ್ಬಳೇ ಕೂತಿದ್ದೆ ಎಂದು ಆ ದೊಡ್ಡಪ್ಪನೇ ಬಂದು ಎದುರು ಕುರ್ಚಿ ಎಳೆದುಕೊಂಡರು. ನಾನು ಯಾರೆಂದು ಗೊತ್ತಿತ್ತು. “ಉಪ್ಪು ಸರಿ ಐತೇನಮ್ಮ?” ಎಂದರು. ಐತೆ ಎಂದೆ. ಸುಮ್ಮನಿರುವುದು ಲೇಸೆಂದು ಗೊತ್ತಿದ್ದೂ ಬಾಯಿ ಸುಮ್ಮನಿರಲಿಲ್ಲ.

“ಒಂದು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡಿ. ನೋಟಿಸು ಬರದಿದ್ರೆ ಗೇಟು ತೆಗೀತಿದ್ರಾ?”

“ಇಲ್ಲ” ಎಂದರು, ಒಂದು ಚೂರೂ ತಡವರಿಸದೆ. ನನ್ನ ಮುಖ ನೋಡಿ ಮುಂದುವರಿಸಿದರು. “ಹಾಕಿದ ಮಾರನೇ ದಿನಾನೇ ತೆಗೀಬೇಕು ಅನ್ನಿಸಿತ್ತಮ್ಮ. ಆ ಹುಡುಗಿ ಮೋರಿ ದಾಟಾದು ನಮ್ಮ ಕಿಟಕಿಯಾಗೆ ಕಾಣ್ತಿತ್ತು. ನಾನೇ ಹಾಕಿದ್ದನ್ನ ನಾನೇ ಹೋಗಿ ಹೆಂಗೆ ತೆಗೀಲಿ? ಇಡೀ ಓಣಿ ನೋಡ್ತಿತ್ತು. ಅವಳು ಬಂದಳು, ತಪ್ಪಾಯ್ತು ಅಂದಳು, ಗೇಟು ತೆಗಿ ಅನ್ನಲಿಲ್ಲ. ಕಾನೂನಿನ ಕಾಗದ ಬಂತು ಅಂದ್ರೆ ಬೇರೆ. ತೆಗೆದ್ರೆ ಸೋತ ಅಂತ ಯಾರೂ ಅನ್ನಂಗಿಲ್ಲ. ಅದರಾಗೆ ನಾನು ಮಾಡಿದ್ದನ್ನೂ ಬರೆದಿದ್ರಿ. ಓದಿಸಿ ಕೇಳಿದ ಮೇಲೆ ಇಲ್ಲಿಗೆ ಬರಾಕೂ ಮುಖ ಬಂತು.”

ಸಮ್ಮೇಳನದ ಪ್ಯಾರಾ ನನ್ನ ಎದುರಿಗೇ ಕೂತು ಮಾತಾಡುತ್ತಿತ್ತು. ಅವರು ಕುರ್ಚಿಯ ಕೈ ಹಿಡಿದು ಮೆಲ್ಲಗೆ ಎದ್ದರು. ಹೊರಗೆ ಯಾರೋ ಅವರನ್ನು ಕರೆಯುತ್ತಿದ್ದರು. ಒಂದು ಹೆಜ್ಜೆ ಹೋದವರು ತಿರುಗಿ ನಿಂತರು.

“ನಾನು ದಿನಾ ಪೋಸ್ಟ್‌ಮನ್ ದಾರಿ ನೋಡ್ತಿದ್ದೆ. ಕಳಿಸಾಕೆ ಅಷ್ಟು ದಿನ ಯಾಕೆ ತಗಂಡ್ರಿ ತಾಯಿ?”